ಅರ್ಧಕ್ಕೆ ಮೂರನೇ ಒಂದು

"ಇವತ್ತೇ ಕೊನೆ, ದೋನ್ಕಾ. ನಾಳೆಯಿಂದ ಆ ಪುಸ್ತಕ ತರಬೇಡ," ಎಂದು ಪೆನ್ಕಾ ಅವಳನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದಳು. "ನೀನು ಹೋದಮೇಲೆ ಇವ್ರು ಗೋಡೆ ಕಡೆ ತಿರುಗಿ ಅಳ್ತಾರೆ ಕಣೇ. ನಂಗೆ ನೋಡೋಕಾಗಲ್ಲ."

ಪೆನ್ಕಾಳ ಗಂಡ ಲ್ಯೂಬೆನ್ ಆ ಬೆಟ್ಟದೂರಿನಲ್ಲಿ ಮೂವತ್ತೆಂಟು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಮಾತು ತಡವರಿಸಿಕೊಂಡು ಹಿಂದಿರುಗಿತು, ಅಂಕಿಗಳು ಮಾತ್ರ ಹಿಂದಿರುಗಲಿಲ್ಲ. ಎರಡೂ ಎರಡೂ ಎಷ್ಟೆಂದು ಕೇಳಿದರೂ ಕಿಟಕಿಯಾಚೆಯ ದ್ರಾಕ್ಷಿ ಚಪ್ಪರ ನೋಡುತ್ತ ಕೂತುಬಿಡುತ್ತಿದ್ದರು.

ಬೀದಿ ಕೊನೆಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ದೋನ್ಕಾ ಅವರ ಗಡ್ಡ ಬೋಳಿಸಲು ಬರುತ್ತಿದ್ದವಳು, ಈಚೆಗೆ ತನ್ನ ಮಗಳ ಲೆಕ್ಕದ ಪುಸ್ತಕವನ್ನೂ ತರತೊಡಗಿದ್ದಳು. ಅವರ ಕೈಯಲ್ಲಿ ಕಲಿತವರಲ್ಲಿ ದೋನ್ಕಾಳಷ್ಟು ದಡ್ಡರು ಇನ್ನೊಬ್ಬರಿರಲಿಲ್ಲ. ಆರನೇ ತರಗತಿಯಲ್ಲಿ ಇಡೀ ಚಳಿಗಾಲ ಶಾಲೆ ಬಿಟ್ಟಮೇಲೆ ಅವಳನ್ನು ಒಲೆಯ ಪಕ್ಕ ಕೂರಿಸಿಕೊಂಡು, ತಮ್ಮ ಬುತ್ತಿಯ ಬ್ರೆಡ್ಡಿನಲ್ಲಿ ಪಾಲು ಕೊಟ್ಟು, ಅವರು ಭಿನ್ನರಾಶಿ ಹೇಳಿಕೊಟ್ಟಿದ್ದರು. ಒಮ್ಮೆಯೂ ಗದರಿರಲಿಲ್ಲ.

"ಮೇಷ್ಟ್ರೇ, ತೊಟ್ಟಿ ಲೆಕ್ಕ," ಎಂದು ದೋನ್ಕಾ ಒಳಗೆ ಬಂದು ಅವರ ಪಕ್ಕ ಕುರ್ಚಿ ಎಳೆದುಕೊಂಡಳು. "ಒಂದು ನಲ್ಲಿ ಅರ್ಧ ತೊಟ್ಟಿ ತುಂಬಿಸ್ತು. ಇನ್ನೊಂದು ನಲ್ಲಿ ಮೂರನೇ ಒಂದು ಭಾಗ. ಒಟ್ಟು ಎಷ್ಟು? ದಶಮಾಂಶದಲ್ಲಿ ಬರೀಬೇಕಂತೆ."

ಮೇಷ್ಟ್ರು ಚಪ್ಪರ ನೋಡಿದರು.

"ಸರಿ, ನಾನೇ ಮಾಡ್ತೀನಿ, ನೀವು ನೋಡ್ತಿರಿ." ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. "ಮೇಲೆ ಒಂದೂ ಒಂದೂ ಎರಡು. ಕೆಳಗೆ ಎರಡೂ ಮೂರೂ ಐದು. ಐದನೇ ಎರಡು. ಅಂದ್ರೆ... ಸೊನ್ನೆ ಬಿಂದು ನಾಲ್ಕು. ಮುಗೀತು!"

ಮೇಷ್ಟ್ರ ಎಡಗೈ ಬಂದು ಹಾಳೆಯ ಮೇಲೆ ಕೂತಿತು.

"ಅರ್ಧ... ಅರ್ಧಾನೇ ಸೊನ್ನೆ ಬಿಂದು ಐದು," ಎಂದರು. ತುಟಿ ಒಂದು ಕಡೆಗೆ ಎಳೆಯುತ್ತಿತ್ತು. "ಅದಕ್ಕೆ ಇನ್ನೂ ನೀರು ಬಿಟ್ರೆ... ಕಮ್ಮಿ ಆಗುತ್ತೇನೇ, ಕತ್ತೆ?"

ಬಾಗಿಲಲ್ಲಿ ನಿಂತಿದ್ದ ಪೆನ್ಕಾ ಕೈಯಲ್ಲಿದ್ದ ತಟ್ಟೆಯನ್ನು ಎದೆಗೊತ್ತಿಕೊಂಡಳು. "ಬೇಕಂತ್ಲೇ ತಪ್ಪು ಮಾಡಿದ್ಯಾ, ದೋನ್ಕಾ?"

"ಅಯ್ಯೋ, ಇಲ್ಲಮ್ಮ!" ದೋನ್ಕಾಳ ಮುಖ ಕಿವಿಯವರೆಗೂ ಕೆಂಪೇರಿತು. "ನಂಗೆ ನಿಜವಾಗ್ಲೂ ಬರಲ್ಲ."

"ಗೊತ್ತು," ಎಂದರು ಮೇಷ್ಟ್ರು. "ಕೆಳಗಡೆ... ಎರಡಕ್ಕೂ ಆರು ಮಾಡು."

ಅವಳು ಮಾಡಿದಳು. ಆರನೇ ಮೂರು, ಆರನೇ ಎರಡು, ಕೂಡಿದರೆ ಆರನೇ ಐದು. ಒಂದೊಂದು ಹೆಜ್ಜೆಗೂ ಕತ್ತೆತ್ತಿ ಅವರ ಮುಖ ನೋಡಿದಳು. ಕೊನೆಗೆ ಭಾಗಿಸಲು ತೊಡಗಿದಳು: ಸೊನ್ನೆ ಬಿಂದು ಎಂಟು, ಮೂರು, ಮತ್ತೆ ಮೂರು.

"ಮೇಷ್ಟ್ರೇ, ಇದು ನಿಲ್ತಾನೇ ಇಲ್ವಲ್ಲ!"

"ನಿಲ್ಲಲ್ಲ," ಎಂದರು ಅವರು. "ಬರಿ."

ಮೂರರ ಸಾಲು ಹಾಳೆಯ ಅಂಚು ತಲುಪಿತು. ದೋನ್ಕಾ ಹಾಳೆಯನ್ನು ಅಡ್ಡ ತಿರುಗಿಸಿ ಬರೆಯುತ್ತಲೇ ಇದ್ದಳು. ಒಂದೊಂದು ಮೂರಕ್ಕೂ ಮೇಷ್ಟ್ರ ಎಡಗೈ ಬೆರಳು ಮೇಜಿನ ಮೇಲೆ ಮೆಲ್ಲಗೆ ಬಡಿಯುತ್ತಿತ್ತು.