ಕೊಳಲಿನವರ ಕೋಟು

ಆ ದರ್ಜಿಗೆ ಕೊಳಲಿನ ಹುಚ್ಚು. ರೇಡಿಯೋದಲ್ಲಿ ಕೊಳಲು ಶುರುವಾದರೆ ಸಾಕು, ಅವನ ಕತ್ತರಿ ಬಟ್ಟೆಯ ನಡುವೆ ಬಾಯಿ ತೆರೆದುಕೊಂಡೇ ಕೂರುತ್ತಿತ್ತು. ಒಮ್ಮೆ ಮೈಮರೆತು ಯಾರದೋ ಪ್ಯಾಂಟಿಗೆ ಮೂರನೇ ಕಾಲು ಹೊಲಿದನಂತೆ. ಆ ಗಿರಾಕಿ ಅದನ್ನು ಹಾಕಿಕೊಂಡು ಓಡಾಡಿದ್ದನ್ನು ಕಣ್ಣಾರೆ ಕಂಡವರೂ ಬೀದಿಯಲ್ಲಿದ್ದಾರೆ.

ಅದರಲ್ಲೂ ಒಬ್ಬರು ಕೊಳಲಿನವರೆಂದರೆ ಅವನಿಗೆ ಪ್ರಾಣ. ಕಛೇರಿಯ ಕೊನೆಗೆ ಅವರು ಒಂದೇ ಉಸಿರಿನಲ್ಲಿ ಒಂದು ಉದ್ದನೆ ಸ್ವರ ಹಿಡಿಯುತ್ತಿದ್ದರು.

“ಅದು ಶುರುವಾದಾಗ ಹೊರಗೆ ಹೋಗಿ ಟೀ ಕುಡಿದು, ಟೀ ಅಂಗಡಿಯವನ ಹತ್ರ ಜಗಳ ಆಡಿ, ರಾಜಿ ಮಾಡ್ಕೊಂಡು ಬಾ. ಸ್ವರ ಅಲ್ಲೇ ನಿಂತಿರುತ್ತೆ ಕಣೇ” ಎಂದು ಹೆಂಡತಿಗೆ ಬಣ್ಣಿಸುತ್ತಿದ್ದ.

“ಪಾಪ, ಅವ್ರು ಊಟ ಯಾವಾಗ ಮಾಡ್ತಾರೆ?” ಎನ್ನುತ್ತಿದ್ದಳು ಹೆಂಡತಿ. ಅವಳು ಒಂದು ಕಛೇರಿಗೂ ಹೋದವಳಲ್ಲ.

ಒಂದು ದಿನ ಆ ಕೊಳಲಿನವರೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಊರಲ್ಲಿ ಕಛೇರಿ, ಹೊಸ ಕೋಟು ಬೇಕು. ದರ್ಜಿ ಎದ್ದು ನಿಂತು ಟೇಪು ಕೈಗೆತ್ತಿಕೊಂಡ.

ಎದೆಯ ಅಳತೆ ತೆಗೆಯುವಾಗ ಅವನು ಯಾವಾಗಲೂ ಟೇಪಿನೊಳಗೆ ಎರಡು ಬೆರಳು ಇಟ್ಟುಕೊಳ್ಳುತ್ತಿದ್ದ. ಅದು ಉಸಿರಾಡಲು ಬಿಡುವ ಜಾಗ. ಅಂದು ಮಾತ್ರ ಆ ಎದೆಯನ್ನು ಚಾಕ್ ಮೆತ್ತಿದ ಬೆರಳಿನಿಂದ ಮುಟ್ಟಲು ಅವನಿಗೆ ಧೈರ್ಯ ಸಾಲಲಿಲ್ಲ. ಟೇಪಿನ ತುದಿಗಳನ್ನಷ್ಟೇ ಹಿಡಿದು, ದೂರದಲ್ಲೇ ನಿಂತು ಅಳೆದ.

ಕೋಟು ಹಾಕಿ ನೋಡುವ ದಿನ ಕೊಳಲಿನವರು ಎಲ್ಲರಂತೆ ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತರು.

“ಮಾಸ್ಟರೇ, ನನ್ನ ವಯಸ್ಸನ್ನೇ ಕತ್ತರಿಸಿಬಿಟ್ರಲ್ಲ” ಎಂದು ನಕ್ಕು, ಮುಂದಿನ ಸಾಲಿನ ಎರಡು ಟಿಕೆಟ್ ಕೊಟ್ಟರು.

ಕಛೇರಿಯ ದಿನ ದರ್ಜಿ ಹೆಂಡತಿಯನ್ನೂ ಹೊರಡಿಸಿಕೊಂಡು ಹೋಗಿ ಎದೆಯುಬ್ಬಿಸಿ ಕೂತ. ಕೊಳಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವನ ಕಿವಿಗೆ ಏನೋ ಚುಚ್ಚಿತು. ರಾಗ ಅಲ್ಲಲ್ಲಿ ತುಂಡಾಗುತ್ತಿತ್ತು. ಅವರು ಉಸಿರೆಳೆದಾಗಲೆಲ್ಲ ಕಂಕುಳ ಹೊಲಿಗೆ ಹಗ್ಗದಂತೆ ಬಿಗಿಯುತ್ತಿತ್ತು. ದರ್ಜಿ ತನ್ನ ಎರಡು ಬೆರಳು ನೋಡಿಕೊಂಡ.

“ಯಾಕ್ರೀ ಹೀಗೆ ಬೆವರ್ತಿದೀರಿ?”

“ಟೇಪಲ್ಲಿ ಬೆರಳು ಇಡ್ಲಿಲ್ಲ ಕಣೇ. ಅವ್ರಿಗೆ ಉಸಿರು ತಗೊಳ್ಳೋಕೆ ಜಾಗ ಇಲ್ಲ.”

ಹೆಂಡತಿ ವೇದಿಕೆ ನೋಡಿದಳು. “ಹೊಲಿಗೆ ಬಿಟ್ಕೊಳ್ಳುತ್ತೆ ಬಿಡಿ.”

“ಎಲ್ಲಿ ಬಿಡುತ್ತೆ? ಆನೆ ಕಟ್ಟಿದ್ರೂ ಬಿಡಲ್ಲ. ಡಬಲ್ ಹೊಲಿಗೆ ಹಾಕಿದೀನಿ.”

ನಡುವೆ ಕೊಳಲಿನವರು ಮುಖ ಒರೆಸಿಕೊಳ್ಳುತ್ತ ಇವನತ್ತ ನೋಡಿದರು. ಕೋಟು ಬಿಚ್ಚಿ ಎನ್ನಲು ದರ್ಜಿ ಗಡಿಬಿಡಿಯಲ್ಲಿ ತನ್ನ ಅಂಗಿಯ ಗುಂಡಿ ಹಿಡಿದು ಹಿಡಿದು ತೋರಿಸಿದ. ಅವರಿಗೆ ಖುಷಿಯಾಯಿತು. ಬಿಟ್ಟಿದ್ದ ಕೆಳಗಿನ ಗುಂಡಿಯನ್ನೂ ಹಾಕಿಕೊಂಡು ಇವನಿಗೆ ತಲೆಯಾಡಿಸಿದರು.

ಕೊನೆಗೆ ಆ ಉದ್ದನೆ ಸ್ವರ ಬಂತು. ದರ್ಜಿ ತಾನೂ ಉಸಿರು ಹಿಡಿದ. ಅವನ ಉಸಿರು ಇನ್ನೂ ಇತ್ತು, ಸ್ವರ ಪಟ್ಟನೆ ಕಡಿದುಹೋಯಿತು. ಕೊಳಲಿನವರು ಇನ್ನೊಮ್ಮೆ ಹಿಡಿದರು, ಇನ್ನೂ ಬೇಗ ಕಡಿದುಹೋಯಿತು. ಕೊಳಲನ್ನು ಮಡಿಲಲ್ಲಿಟ್ಟು ಮೈಕಿನ ಹತ್ತಿರ ಬಗ್ಗಿದರು.

“ವಯಸ್ಸಾಯ್ತು. ಇದನ್ನ ಇನ್ಮೇಲೆ ನನ್ನ ಹತ್ರ ಕೇಳ್ಬೇಡಿ.”

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ದರ್ಜಿ ಜನರ ಸಂದಿಯಲ್ಲಿ ನುಗ್ಗಿ ಹಿಂಬಾಗಿಲಿಗೆ ಓಡಿದ. ಅವರಾಗಲೇ ಕಾರಿನಲ್ಲಿ ಕೂತಿದ್ದರು, ಕೋಟು ಹಾಕಿಕೊಂಡೇ.

“ಸಾರ್, ವಯಸ್ಸಲ್ಲ ಸಾರ್. ಕೋಟು ಬಿಗಿ. ತಪ್ಪು ನಂದು, ಅಳತೇಲಿ.”

ಅವರು ಕಿಟಕಿಯಿಂದ ಕೈ ಚಾಚಿ ಇವನ ಭುಜ ತಟ್ಟಿದರು. ಕಣ್ಣು ಒದ್ದೆಯಾಗಿತ್ತು. “ನನ್ನ ಸಮಾಧಾನಕ್ಕೆ ನಿಮ್ಮ ಕೆಲಸಾನೇ ಹಳೀತೀರಲ್ಲ ಮಾಸ್ಟರೇ. ನಿಮ್ಮಂಥೋರು ಯಾರಿದಾರೆ?”

“ಒಂದು ಗುಂಡಿ ಬಿಚ್ಚಿ ನೋಡಿ ಸಾರ್, ಒಂದೇ ಒಂದು” ಎನ್ನುವಷ್ಟರಲ್ಲಿ ಕಾರು ಹೊರಟಿತು.

ಹಿಂದೆ ಬಂದ ಹೆಂಡತಿ ಅವನ ಪಕ್ಕದಲ್ಲಿ ನಿಂತಳು.

“ನಂಬ್ಲಿಲ್ಲ ಕಣೇ.”

“ಟೀ ಅಂಗಡಿ ಕಥೆ ಹೇಳಿದ್ರೆ ನಂಬ್ತಿದ್ರೇನೋ” ಎಂದಳು ಅವಳು. ಆದರೆ ನಗಲಿಲ್ಲ.