ನೋಡೋಣ, ಬಿಟ್ಟು ಹೋಗಿ

ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಮಗಳು ಅಪ್ಪನ ಹೆಬ್ಬೆರಳಿನ ಉಗುರನ್ನು ಉಜ್ಜುತ್ತಿದ್ದಳು. ನಲವತ್ತು ವರ್ಷ ಫ್ಯಾನು, ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವಾರ್ನಿಷ್ ಬಳಿದ ಕೈ. ಬದುಕಿದ್ದಾಗಲೇ ಹೋಗದ ಕಂದು ಈಗ ಹೋದೀತೆ? ಬಿಡು, ಅದು ಅವನ ಬಣ್ಣವೇ, ಎಂದಳು ಸೋದರತ್ತೆ.

ಶವ ಒಯ್ಯುವ ವ್ಯಾನು ಹನ್ನೊಂದಕ್ಕೆ ಬರುವುದಿತ್ತು. ಹೊರಗಿನ ಕೋಣೆಯಲ್ಲಿ ಬಂದವರದ್ದೆಲ್ಲ ಒಂದೇ ಮಾತು: ಆಪರೇಷನ್ ಮಾಡಿಸಿದ್ದರೆ ಇನ್ನೊಂದೆರಡು ವರ್ಷ ಇರುತ್ತಿದ್ದನೇನೋ. ಆಡುವವರ ಬಾಯಿಗೆ ಬೀಗ ಹಾಕಲಾದೀತೆ ಎಂದುಕೊಂಡು ಅವಳು ಉಗುರು ಉಜ್ಜುತ್ತಲೇ ಇದ್ದಳು. ಬೇಡವೆಂದದ್ದು ಅಪ್ಪನೇ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳು ಇನ್ನೂ ಧೈರ್ಯಗೆಡದೆ ಕೂತಿದ್ದಳು.

*

ಏಳು ತಿಂಗಳ ಹಿಂದೆ ಡಾಕ್ಟರು ಹೊಟ್ಟೆಯ ಗಡ್ಡೆಯ ಚಿತ್ರವನ್ನು ಹಾಳೆಯ ಮೇಲೆ ಬರೆದು ತೋರಿಸಿದ್ದರು. ಕ್ಯಾನ್ಸರ್ ಎಂಬ ಮಾತನ್ನು ಒಂದೇ ಸಲ, ಮೆಲ್ಲಗೆ ಹೇಳಿದ್ದರು. ಈ ವಯಸ್ಸಿಗೆ ಆಪರೇಷನ್ ಸುಲಭವಲ್ಲ, ಆದರೆ ಆಗದ್ದೂ ಅಲ್ಲ. ಆಮೇಲೆ ಆರು ತಿಂಗಳು ಔಷಧಿಯ ಸುಸ್ತು ಇದ್ದೇ ಇದೆ. ನೀವೇ ಯೋಚಿಸಿ ಹೇಳಿ ಎಂದರು. ಅಪ್ಪ ಸುಟ್ಟುಹೋದ ಮೋಟಾರಿನ ಕಾಯಿಲ್ ನೋಡುವ ಹಾಗೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ನೋಡೋಣ," ಎಂದ.

ಡಾಕ್ಟರು ಅರ್ಥವಾಗದೆ ಮಗಳ ಮುಖ ನೋಡಿದರು. ಅವಳಿಗೋ ಅದು ಅಂಗೈ ನೆಲ್ಲಿಕಾಯಿ. ಸೈಕಲ್ ಕೊಡಿಸಪ್ಪ ಎಂದರೆ ನೋಡೋಣ. ಸಮುದ್ರ ತೋರಿಸಪ್ಪ ಎಂದರೆ ನೋಡೋಣ. ಸೈಕಲ್ ಬರಲಿಲ್ಲ, ಸಮುದ್ರವನ್ನು ಅವಳು ಕಂಡದ್ದು ಮದುವೆಯಾದ ಮೇಲೆ. ಮಕ್ಕಳ ಮುಖಕ್ಕೆ ಇಲ್ಲ ಎನ್ನಲಾರದ ಮೆತ್ತನೆಯ ಮನುಷ್ಯನಿಗೆ ಆ ಒಂದು ಮಾತೇ ಆಸರೆಯಾಗಿತ್ತು.

"ಅವರಿಗೆ ಬೇಡ ಡಾಕ್ಟ್ರೇ," ಎಂದಳು. "ನೋವಾಗದ ಹಾಗೆ ನೋಡ್ಕೊಂಡ್ರೆ ಸಾಕು."

ಅಪ್ಪ ಅವಳತ್ತ ತಿರುಗಿ ಒಂದು ಗಳಿಗೆ ನೋಡಿದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. "ಸರಿ, ಅವಳು ಹೇಳಿದ ಹಾಗೇ ಆಗ್ಲಿ," ಎಂದ.

ತನ್ನ ಮನಸ್ಸನ್ನು ಮಗಳು ಬಾಯಿಬಿಟ್ಟು ಹೇಳಿದ್ದಕ್ಕೆ ಅಪ್ಪನಿಗೆ ನಿರಾಳವಾಯಿತೆಂದೇ ಅವಳು ತಿಳಿದಳು. ಆಪರೇಷನ್ ಮಾಡಿಸಲೇಬೇಕೆಂದು ಅವಳ ತಮ್ಮ ಜಗಳವಾಡಿದ, ಎರಡು ತಿಂಗಳು ಮಾತು ಬಿಟ್ಟ. ಅವಳು ಜಗ್ಗಲಿಲ್ಲ. ಅಪ್ಪನ ಬಟ್ಟೆ ಬದಲಿಸಿದಳು, ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟಳು, ಕೊನೆಗೆ ಚಮಚದಲ್ಲಿ ನೀರು ಕುಡಿಸಿದಳು.

*

ಹತ್ತೂವರೆಗೆ ವಾರ್ನಿಷ್ ಮಾಮ ಬಂದ. ರಿಪೇರಿ ಅಂಗಡಿಯಲ್ಲಿ ಅಪ್ಪನ ಎದುರಿಗೇ ಕೂತು ಮೂವತ್ತು ವರ್ಷ ತಂತಿ ಸುತ್ತಿದವನು. ಮಕ್ಕಳು ಇಟ್ಟ ಅಡ್ಡಹೆಸರು ಅವನ ಸ್ವಂತ ಹೆಸರನ್ನು ಎಂದೋ ನುಂಗಿಹಾಕಿತ್ತು. ಬಿಕ್ಕಿ ಬಿಕ್ಕಿ ಅತ್ತು, ಮೂಗು ಒರೆಸಿಕೊಂಡು, ಗೆಳೆಯನ ಗುಣಗಾನಕ್ಕೆ ಶುರುಮಾಡಿದ. ರಿಪೇರಿಯಾಗದ ಮೋಟಾರಾದರೆ ಮುಲಾಜಿಲ್ಲದೆ ಆಗಲ್ಲ, ತಗೊಂಡು ಹೋಗಿ ಎಂದುಬಿಡುತ್ತಿದ್ದನಂತೆ.

"ಆದ್ರೆ ನೋಡೋಣ, ಬಿಟ್ಟು ಹೋಗಿ ಅಂದ ಅಂದ್ರೆ ಮುಗೀತು," ಎಂದ ಮಾಮ. "ಒಪ್ಕೊಂಡ ಅಂತ್ಲೇ ಅರ್ಥ. ನೋಡೋಣ ಅಂದಿದ್ದನ್ನ ಒಂದು ದಿನಾನೂ ಹಾಗೇ ವಾಪಸ್ ಕಳಿಸಿದವನಲ್ಲ."

ಮಗಳ ಕೈಯ ಹತ್ತಿ ಅಲ್ಲೇ ನಿಂತಿತು. ಆಸ್ಪತ್ರೆಯಿಂದ ಅಪ್ಪ ನೇರ ಅಂಗಡಿಗೆ ಬಂದಿದ್ದರಲ್ಲ, ಅವತ್ತು ಏನೆಂದರು ಎಂದು ಕೇಳಿದಳು. ಕೇಳಬಾರದಿತ್ತು.

ಮಾಮ ಅವಳ ತಲೆ ಸವರಿದ. "ಹಾಳೆ ತೋರಿಸ್ದ. ಮಾಡಿಸ್ಕೊಳೋಣ ಅಂತಿದ್ದೆ, ಮಗಳು ಬೇಡ ಅಂದ್ಲು; ಓದಿದವಳು, ತಿಳಿದೇ ಹೇಳಿರ್ತಾಳೆ ಅಂದ. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತಮ್ಮ ಅವನಿಗೆ."

ಸಮಾಧಾನಕ್ಕೆಂದೇ ಹೇಳಿದ್ದ, ಪಾಪ. ಏಳು ತಿಂಗಳಲ್ಲಿ ಒಂದು ದಿನವೂ ಅಪ್ಪ, ಯಾಕೆ ಬೇಡವೆಂದೆ ಎಂದು ಕೇಳಿರಲಿಲ್ಲ. ಅವಳೂ, ಬೇಡ ತಾನೇ ಅಪ್ಪ ಎಂದು ಕೇಳಿರಲಿಲ್ಲ. ಇಬ್ಬರಲ್ಲಿ ಒಬ್ಬರು ಕೇಳಿದ್ದರೂ ಸಾಕಿತ್ತು.

ವ್ಯಾನು ಬಂತು. ತಮ್ಮ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡ.

"ನಿನ್ನ ಮೇಲೆ ರೇಗಿದ್ದು ತಪ್ಪಾಯ್ತು ಕಣಕ್ಕ. ಅಪ್ಪನ ಮನಸ್ಸು ನಿನಗೆ ಗೊತ್ತಿದ್ದ ಹಾಗೆ ನಮಗ್ಯಾರಿಗೂ ಗೊತ್ತಿರಲಿಲ್ಲ."

"ಅಪ್ಪ ಒಪ್ಕೊಂಡಿದ್ರು ಕಣೋ," ಎಂದಳು. ಆಪರೇಷನ್ನಿಗೆ ಎಂದು ಸೇರಿಸುವ ಮೊದಲೇ ಅವನು ತಡೆದ.

"ಗೊತ್ತು ಬಿಡು. ನಿನ್ನ ಮಾತನ್ನ ಅವರು ಯಾವತ್ತು ತೆಗೆದುಹಾಕಿದ್ರು?"

ಅಲ್ಲ ಎಂದು ಅವಳು ತಲೆಯಾಡಿಸಿದಳು. ಅಳು ತಡೆಯುತ್ತಿದ್ದಾಳೆಂದುಕೊಂಡ ಅವನು ಭುಜ ತಟ್ಟಿ, ಅಪ್ಪನನ್ನು ಮಲಗಿಸಿದ್ದ ಸ್ಟ್ರೆಚರಿನ ತಲೆಯ ಬದಿಗೆ ಹೋಗಿ ನಿಂತ. ಇನ್ನೂ ಮೂವರು ಬಂದು ಬಗ್ಗಿದರು. ಅಪ್ಪ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಕಂಡವರು. ಭಾರವಿದ್ದೀತೆಂದು ಉಸಿರು ಬಿಗಿಹಿಡಿದು ಒಟ್ಟಿಗೆ ಎತ್ತಿದರು. ಸ್ಟ್ರೆಚರ್ ಸರಕ್ಕನೆ ಎದೆಮಟ್ಟಕ್ಕೆ ಹಾರಿತು. ನಾಲ್ವರೂ ತಬ್ಬಿಬ್ಬಾಗಿ, ಅದನ್ನು ಅಷ್ಟೆತ್ತರದಲ್ಲೇ ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತರು.