ಲಿಫ್ಟಿದ್ದ ಕಟ್ಟಡದ ಮೆಟ್ಟಿಲು

"ಟೈರಿನ ಗಾಳಿ ತೆಗೆಯೋ ಕೈ ಇವತ್ತು ನಮ್ಮ ಸಿನಿಮಾದ ಗಾಳಿ ತೆಗೆಯೋಕೆ ಬಂದಿದೆ. ಒಂಬತ್ತನೇ ಕ್ಲಾಸಾದ್ರೂ ಮುಗಿಸ್ಕೊಂಡು ಬಾರಪ್ಪ, ಆಮೇಲೆ ಮಾತಾಡೋಣ."

ನಿರ್ದೇಶಕ ಇದನ್ನು ಮೈಕಿನಲ್ಲಿ ಹೇಳಿದ. ತುಂಬಿದ ಸಭೆ ನಕ್ಕಿತು. ಮುಂದಿನ ಸಾಲಿನವರು ಗಾಳಿ ತೆಗೆಯೋ ಕೈ ಯಾವುದಪ್ಪಾ ಅಂತ ಕತ್ತು ಹೊರಳಿಸಿ ನೋಡಿದರು. ನಾನು ಕೊನೇ ಸಾಲಿನಲ್ಲಿ ನಿಂತೇ ಇದ್ದೆ. ವೇದಿಕೆಯ ಮೇಲೆ, ನಿರ್ದೇಶಕನ ಪಕ್ಕದ ಕುರ್ಚಿಯಲ್ಲಿ, ನಮ್ಮಪ್ಪ ಕೂತಿದ್ದ. ಅವನು ನಗಲಿಲ್ಲ. ಆದರೆ ನಾನು ಶಾಲೆ ಬಿಟ್ಟಿದ್ದು ಒಂಬತ್ತನೇ ಕ್ಲಾಸಲ್ಲಿ ಅಂತ ಆ ಮನುಷ್ಯನಿಗೆ ಹೇಳಿದ್ದು ಅವನೇ. ಇನ್ಯಾರು ಹೇಳ್ತಾರೆ?

ಆ ಜಾಗ ನನಗೆ ಹೊಸದಲ್ಲ. ಲೈಬ್ರರಿಯ ಮೇಲಿನ ಆ ಕೋಣೆಯಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಭಾನುವಾರ ಬೆಳಿಗ್ಗೆ ಸಿನಿಮಾ ತೋರಿಸುತ್ತಾರೆ. ಥಿಯೇಟರಿಗೆ ಬರದೇ ಇರೋವು, ಬಂದರೂ ಶುಕ್ರವಾರ ಬಂದು ಸೋಮವಾರ ಗಂಟುಮೂಟೆ ಕಟ್ಟೋವು. ವರ್ಷಗಟ್ಟಲೆ ಗ್ರೀಸು ಹತ್ತಿದ ಪ್ಯಾಂಟಿನಲ್ಲೇ ಹೋಗಿ ನೋಡಿದ್ದೇನೆ. ನಾನು ಕೆಲಸ ಮಾಡೋ ಟೈರ್ ಅಂಗಡಿಯಲ್ಲಿ ನನಗೆ 'ಅವಾರ್ಡು' ಅಂತಲೇ ಹೆಸರು. ಅವಾರ್ಡು, ಜಾಕ್ ಎತ್ಕೊಂಡ್ ಬಾರೋ. ಅವಾರ್ಡು, ನಿನ್ನೆ ಸಿನಿಮಾದಲ್ಲಾದ್ರೂ ಯಾರಾದ್ರೂ ಮಾತಾಡಿದ್ರಾ?

ಸಿನಿಮಾ ಮುಗಿದ ಮೇಲೆ ಮೇಷ್ಟ್ರು ಅಭಿಪ್ರಾಯ ಕೇಳುತ್ತಾರೆ. ಓದಿದವರು ಅಳೆದು ತೂಗಿ ಆಡುತ್ತಾರೆ. ನನಗೆ ಆ ಅಭ್ಯಾಸ ಇಲ್ಲ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತೆ. ಸಣ್ಣ ದುಡ್ಡಿನ ಕಥಾಚಿತ್ರಗಳೆಂದರೆ ನನಗೆ ಪ್ರಾಣ. ಒಬ್ಬಳು ಬಸ್ಸಿಗೆ ಕಾಯುತ್ತಾ ನಿಂತಿರುತ್ತಾಳೆ, ಬಸ್ಸು ಬರೋದೇ ಇಲ್ಲ, ನಮ್ಮ ಎದೆಯಲ್ಲಿ ಏನೋ ಕದಲುತ್ತೆ. ಅದು ಕಟ್ಟಿದ ಕಥೆ ಅಂತ ಮೊದಲೇ ಹೇಳಿ ತೋರಿಸೋದು, ಮೋಸ ಇಲ್ಲ. ಡಾಕ್ಯುಮೆಂಟರಿ ಹಾಗಲ್ಲ. ಅದು ನಿಜ ಹೇಳ್ತೀನಿ ಅಂತ ಆಣೆ ಇಟ್ಟು ಶುರುವಾಗುತ್ತೆ. ಆಣೆ ಇಟ್ಟ ಮೇಲೆ ಕೂದಲೆಳೆಯಷ್ಟು ಸುಳ್ಳು ಸಿಕ್ಕರೂ ನಾನು ಬಿಡುವವನಲ್ಲ. ಅದರಲ್ಲೂ ಅಳು. ನಿಜವಾಗಿ ಅಳುವವನು ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾನೆ. ಯಾರದು ಹೊಟ್ಟೆಯಿಂದ ಬಂದ ಅಳು, ಯಾರದು ಕೂಲಿ ಅಳು ಅಂತ ನೋಡಿದ ತಕ್ಷಣ ಹೇಳಬಲ್ಲೆ ಅಂತ ಅದೇ ಕೋಣೆಯಲ್ಲಿ ಜಂಬ ಕೊಚ್ಚಿದ್ದೆ. ಮೇಷ್ಟ್ರು ಬೆನ್ನು ತಟ್ಟಿದ್ದರು.

ಅಪ್ಪ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾನೆ. ಸಿನಿಮಾದವರು ಬಂದು ನನ್ನನ್ನ ಹಿಡಿದ್ರು ಕಣೋ ಅಂತ ಒಂದು ದಿನ ಹೇಳಿದ್ದ, ಅಷ್ಟೇ. ಆ ಡಾಕ್ಯುಮೆಂಟರಿಯನ್ನು ಮೇಷ್ಟ್ರ ಕೋಣೆಯಲ್ಲೇ ತೋರಿಸುತ್ತಾರೆ ಅಂದಾಗ ಅವನ ಮುಖ ನೋಡಬೇಕಿತ್ತು. ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ತನ್ನ ಅಂಗಿಗೆ ಒಂದು ದಿನ ಮುಟ್ಟಿಸದವನು ಅವತ್ತು ಕಾಲರಿಗೆ ಎರಡೆರಡು ಸಲ ಇಸ್ತ್ರಿ ಎಳೆದ. ಕಟಿಂಗ್ ಮಾಡಿಸಿದ. "ನಿನ್ನ ಜನದ ಮುಂದೆ ಮಾನವಾಗಿ ಕಾಣಬೇಕಲ್ಲೋ" ಅಂದ.

ಸಿನಿಮಾ ಶುರುವಿನಲ್ಲಿ ಚೆನ್ನಾಗಿತ್ತು. ಹಬೆ, ತಿರುಗುವ ಯಂತ್ರ, ನೀರಿನಲ್ಲಿ ನೆನೆದು ಬಿಳುಚಿಕೊಂಡ ಅಪ್ಪನ ಬೆರಳುಗಳು. ಆಮೇಲೆ ಒದ್ದೆ ಬೆಡ್‌ಶೀಟಿನ ಗಂಟು ಬೆನ್ನಿಗೆ ಹೇರಿಕೊಂಡು ಅಪ್ಪ ತಾರಸಿಗೆ ಮೆಟ್ಟಿಲು ಹತ್ತತೊಡಗಿದ. ಒಂದು ಮಹಡಿ, ಇನ್ನೊಂದು ಮಹಡಿ. ಹತ್ತುತ್ತಲೇ ಇದ್ದ. ಕೊನೆಗೆ ಒಂದು ತಿರುವಿನಲ್ಲಿ ಕುಸಿದು ಕೂತ. ಗಂಟಿಗೆ ತಲೆ ಆನಿಸಿದ. ಅತ್ತ. ಒದ್ದೆ ಬಟ್ಟೆಯ ಅಂಚಿನಿಂದಲೇ ಮುಖ ಒರೆಸಿಕೊಂಡ. ನನ್ನ ಪಕ್ಕದ ಹೆಂಗಸು ಮೂಗು ಸೀಟಿದಳು.

ನನ್ನ ಮೈ ಉರಿದುಹೋಯಿತು. ಆ ಕಟ್ಟಡದಲ್ಲಿ ಸಾಮಾನಿನ ಲಿಫ್ಟಿದೆ. ಚಿಕ್ಕವನಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿ, ಬಟ್ಟೆಯ ಗಾಡಿಯ ಜೊತೆ ಅದರಲ್ಲಿ ಮೇಲೆ ಕೆಳಗೆ ಓಡಾಡಿದವನು ನಾನು. ಅದಕ್ಕಿಂತ ಹೆಚ್ಚಾಗಿ ಆ ಅಳು. ಅಮ್ಮ ಸತ್ತ ದಿನ ಅಪ್ಪನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಬಂದವರಿಗೆ ಚಾಪೆ ಹಾಸುತ್ತಾ, ಕಾಫಿ ಕೊಡಿಸುತ್ತಾ ಓಡಾಡಿಕೊಂಡಿದ್ದ. ಅದನ್ನು ನಾನು ಮರೆತಿಲ್ಲ, ಆ ವರ್ಷವೇ ಶಾಲೆ ಬಿಟ್ಟೆ. ಅವತ್ತು ಇಲ್ಲದ ಕಣ್ಣೀರು ಕ್ಯಾಮೆರಾ ಕಂಡ ಕೂಡಲೇ ಎಲ್ಲಿಂದ ಬಂತು?

ಮೇಷ್ಟ್ರು ಅಭಿಪ್ರಾಯ ಕೇಳಿದ್ದೇ ತಡ, ಎದ್ದೆ. ಅಲ್ಲಿ ಲಿಫ್ಟಿದೆ ಅಂದೆ. ಮೆಟ್ಟಿಲು ಹತ್ತಿಸಿದ್ದು ಬಡವರ ಬೆವರು ಚೆನ್ನಾಗಿ ಕಾಣಲಿ ಅಂತ ಅಂದೆ. ಅಲ್ಲಿಗಾದರೂ ಕೂತಿದ್ದರೆ ಆಗುತ್ತಿತ್ತು. "ಆ ಅಳುವೂ ಸುಳ್ಳು. ಆ ಮನುಷ್ಯ ಅಳೋನಲ್ಲ, ನನಗೆ ಗೊತ್ತು. ಅದು ಅಳಿಸಿದ ಅಳು" ಅಂದುಬಿಟ್ಟೆ.

ಅದಕ್ಕೇ ಆ ಗಾಳಿ, ಒಂಬತ್ತನೇ ಕ್ಲಾಸು, ನಗು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನಗು ನಿಲ್ಲುವ ಮೊದಲೇ ನಿರ್ದೇಶಕ ಮೈಕನ್ನು ಅಪ್ಪನ ಕೈಗಿಟ್ಟ. ಕೆಲಸ ಮಾಡೋರು ನೀವು, ನೀವೇ ಹೇಳಿಬಿಡಿ ಯಜಮಾನ್ರೇ, ಲಿಫ್ಟಿದೆಯಾ ಅಂತ ಕೇಳಿದ.

ಅಪ್ಪ ನನ್ನ ಕಡೆ ನೋಡಿದ. ಈಗ ಹೇಳ್ತಾನೆ, ಈಗ ಈ ನಿರ್ದೇಶಕನ ಮುಖ ನೋಡಬೇಕು ಅಂದುಕೊಂಡೆ.

"ಇಲ್ಲ ಸಾರ್, ಲಿಫ್ಟು ಗಿಫ್ಟು ಏನಿಲ್ಲ" ಅಂದ ಅಪ್ಪ. "ಅವನು ನನ್ನ ಮಗನೇ. ಮಾತು ಸ್ವಲ್ಪ ಒರಟು, ಮನಸ್ಸಿಗೆ ಹಚ್ಕೋಬೇಡಿ."

ಚಪ್ಪಾಳೆ ಬಿತ್ತು. ಅಪ್ಪನಿಗೆ ಜನ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ಎರಡೆರಡು ಸಲ ಇಸ್ತ್ರಿ ಎಳೆದ ಆ ಕಾಲರು ಬೆವರಿಗೆ ಕುತ್ತಿಗೆಗೆ ಅಂಟಿಕೊಂಡಿತ್ತು. ಮೇಷ್ಟ್ರು ನನ್ನನ್ನು ನೋಡದ ಹಾಗೆ ಕನ್ನಡಕ ಒರೆಸಿಕೊಂಡರು. ನಾನು ಕೂತೆ. ನೆಲ ಬಾಯಿ ಬಿಡಲಿಲ್ಲ.

ಜನ ಖಾಲಿಯಾದ ಮೇಲೆ ಅಪ್ಪ ಹೊರಗೆ ಬಂದ. ಲೈಬ್ರರಿಯ ಮೆಟ್ಟಿಲ ತುದಿಯಲ್ಲಿ ನನ್ನ ಪಕ್ಕ ನಿಂತು, ಕಂಬಿ ಹಿಡಿದುಕೊಂಡ. ಬೈತಾನೆ ಅಂದುಕೊಂಡೆ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಲಿಫ್ಟಿರೋದು ತನಗೆ ಗೊತ್ತಿಲ್ವಾ ಅಂದ. ಆ ನಿರ್ದೇಶಕ ಹುಡುಗ ಮೆಟ್ಟಿಲಲ್ಲಿ ಹತ್ತಿ ಅಂದಿದ್ದಕ್ಕೆ ಹತ್ತಿದೆ ಅಂದ. ಅಷ್ಟು ಜನದ ಮುಂದೆ ಅವನ ಮಾನ ಕಳೆದು ನಮಗೇನು ಸಿಗುತ್ತೆ ಅಂದ.

"ಆದ್ರೆ ಅಳು ಅಂತ ಅವನು ಹೇಳಿರಲಿಲ್ಲ ಕಣೋ" ಅಂದ. "ಲಿಫ್ಟ್ ಹಾಕಿಸೋಕೆ ಮುಂಚೆ ನಿಮ್ಮಮ್ಮ ಅಲ್ಲೇ ಕೆಲಸಕ್ಕಿದ್ದಳು. ಆ ಗಂಟು ಹೊರ್ತಿದ್ದವಳು ಅವಳೇ. ನೀನು ಹೊಟ್ಟೇಲಿದ್ದಾಗಲೂ ಹೊತ್ತಿದ್ದಾಳೆ. ಆ ತಿರುವಲ್ಲಿ ಕೂತು ಸುಧಾರಿಸ್ಕೊಳ್ಳೋಳು. ಲಿಫ್ಟ್ ಬಂದ ಮೇಲೆ ನಾನು ಆ ಮೆಟ್ಟಿಲು ತುಳಿದೇ ಇರಲಿಲ್ಲ."

ಕೆಳಗೆ ರಸ್ತೆಯಲ್ಲಿ ನಿರ್ದೇಶಕನ ಕಾರು ಹೊರಟಿತು. ಅಪ್ಪ ಅದಕ್ಕೆ ಕೈಯೆತ್ತಿ, ಇಳಿಸಿ, ನನ್ನ ಕಡೆ ತಿರುಗಿದ.

"ಬೇರೆಯವರ ಮಾತು ಬಿಡು. ನಿಂಗೂ ಗೊತ್ತಾಗ್ಲಿಲ್ವಾ, ಮಗಾ?"

ಕೋಪದಲ್ಲಿ ಕೇಳಿದ್ದಲ್ಲ. ಸಿನಿಮಾ ಬಗ್ಗೆ ತಿಳಿದವನನ್ನು ಕೇಳುವ ಹಾಗೆ ಕೇಳಿದ.

ಮೆಟ್ಟಿಲು ಇಳಿಯುವುದೆಂದರೆ ಅಪ್ಪನ ಮಂಡಿಗೆ ಆಗದು. ಎಲ್ಲಿ ಹೋದರೂ ಇಳಿಯುವಾಗ ನಾನೇ ತೋಳು ಕೊಡುವುದು. ಅವನು ಕಂಬಿ ಬಿಟ್ಟು ಕೈ ಚಾಚಿದ್ದ. ಅದನ್ನು ನೋಡಿದೆ. ನೋಡಿಯೂ ದಡದಡ ಇಳಿದು, ಟೈರ್ ಅಂಗಡಿಯ ಕಡೆ ನಡೆದುಬಿಟ್ಟೆ. ಅವತ್ತು ಅಂಗಡಿಗೆ ರಜೆ ಇತ್ತು.